ಪೆಂಗ್ವಿನ್‌ಗೆ ಸೀರೆ ಉಡಿಸಿದ ನಾಗೇಂದ್ರ

ಶಿವರಾಂಪೇಟೆಯ ಒಂದು ಅಡ್ಡರಸ್ತೆಯಲ್ಲಿ, ಪಾತ್ರೆ ಅಂಗಡಿಗೂ ಜೆರಾಕ್ಸ್ ಅಂಗಡಿಗೂ ನಡುವೆ ಯಾರಿಗೂ ಬೇಡವಾಗಿ ಉಳಿದ ಸಂದಿಯೊಳಗೆ ಕೂತು ನಾಗೇಂದ್ರ ಗೊಂಬೆಗಳಿಗೆ ಬಟ್ಟೆ ಹೊಲಿಯುತ್ತಾನೆ. ಗಿರಾಕಿ ಒಳಗೆ ಬಂದರೆ ಅವನು ಹೊರಗೆ ಬರಬೇಕು, ಅಷ್ಟು ವಿಶಾಲ. ಅವನಪ್ಪ ಮೂಗಯ್ಯ ಬ್ಯಾಂಡ್‌ಸೆಟ್ಟಿನವರಿಗೆ ಕೆಂಪು ಕೋಟು ಹೊಲಿಯುತ್ತಿದ್ದವರು. ಕೋಟಿಗೆ ಹಚ್ಚಿ ಮಿಕ್ಕ ಜರಿಪಟ್ಟಿಯ ತುಂಡುಗಳನ್ನು ಮಗ ಕೂಡಿಟ್ಟುಕೊಂಡು, ಪಕ್ಕದ ಮನೆಯವರ ಪಟ್ಟದ ಗೊಂಬೆಗೆ ಉಡುಗೆ ಮಾಡಿಕೊಟ್ಟ. ಮದುವೆಯಾಗಿ ಹೋಗುವ ಮಗಳ ಜೊತೆ ತೌರಿನವರು ಕಳಿಸುವ ಮರದ ರಾಜ-ರಾಣಿ ಜೋಡಿ ಅದು. ನವರಾತ್ರಿಯಲ್ಲಿ ಮನೆಯ ಗೊಂಬೆಗಳಿಗೆಲ್ಲ ಅದೇ ಯಜಮಾನ, ಮೆಟ್ಟಿಲಿನ ತುತ್ತತುದಿಯಲ್ಲಿ ಕೂರುತ್ತದೆ, ವರ್ಷವರ್ಷವೂ ಹೊಸ ಸೀರೆ, ಪಂಚೆ, ಪೇಟ ಕೇಳುತ್ತದೆ.

“ಗಂಡ್ಸಾಗಿ ಗೊಂಬೆಗೆ ಸೀರೆ ಉಡಿಸ್ತಾ ಕೂತವ್ನಲ್ಲ ಮೂಗಯ್ಯ ನಿನ್ ಮಗ” ಎಂದು ಬ್ಯಾಂಡಿನವರು ನಕ್ಕರಂತೆ.

“ನೀವು ಮೊದ್ಲು ಕೋಟಿನ ಗುಂಡಿ ನೆಟ್ಟಗೆ ಹಾಕ್ಕೊಳ್ಳೋದು ಕಲೀರಿ” ಎಂದರಂತೆ ಮೂಗಯ್ಯ.

ಅಪ್ಪನಿಗಿದ್ದ ಆ ಧೈರ್ಯ ಮಗನಿಗೆ ಬರಲಿಲ್ಲ. ಬಂದದ್ದು ಕೈಚಳಕ ಮಾತ್ರ. ನಾಗೇಂದ್ರ ಟೇಪು ಬಳಸುವುದಿಲ್ಲ. ಗೊಂಬೆಯ ಸೊಂಟಕ್ಕೆ ನೂಲು ಸುತ್ತಿ ಗಂಟು ಹಾಕುತ್ತಾನೆ, ಆ ಗಂಟೇ ಅವನ ಅಳತೆ. ಕೆಲಸ ಮಾಡುವಾಗ ಬಾಯ ತುಂಬ ಗುಂಡುಪಿನ್ನು. ಪಿನ್ನು ಇರುವಷ್ಟು ಹೊತ್ತು ರೇಟು ಕೇಳಿದವರಿಗೆ ಉತ್ತರ ಕೊಡಬೇಕಾಗಿಲ್ಲ. ಅದು ಹೆಂಡತಿ ಸುಮಾಳ ಇಲಾಖೆ, ಅವಳ ಬಾಯಲ್ಲಿ ಪಿನ್ನು ಇರುವುದಿಲ್ಲ, ಮಾತೇ ಸಾಕಷ್ಟು ಚುಚ್ಚುತ್ತದೆ. ಪಿನ್ನು ತೆಗೆದರೆ ನಾಗೇಂದ್ರನ ಬಾಯಿಂದ ಬರುವುದು ಬರೀ ಅನುಮಾನ. ಅಂಗಡಿ ಬೀಗ ಹಾಕಿದೆನೋ ಇಲ್ಲವೋ, ಹೊಲಿದು ಕೊಟ್ಟ ಕುಪ್ಪಸ ಬಿಗಿಯಾಯಿತೋ ಏನೋ, ದುಡ್ಡು ಕೊಟ್ಟವರು ಬಾಯಲ್ಲಿ ಚೆನ್ನಾಗಿದೆ ಎಂದು ಮನಸ್ಸಿನಲ್ಲಿ ಬೈದುಕೊಂಡರೋ ಹೇಗೆ. ಅಡ್ಡರಸ್ತೆಯಲ್ಲಿ ಅವನ ಹೆಸರು ಗಾಬರಿ ನಾಗೇಂದ್ರ. ಯಾರಾದರೂ ಹಾಗೆ ಕರೆದರೆ, ಏನೋ ಆಗಿರಬೇಕೆಂದು ಗಾಬರಿಯಿಂದಲೇ ತಿರುಗಿ ನೋಡುತ್ತಾನೆ.

ಈ ಸಲದ ಗಾಬರಿ ಶುರುವಾದದ್ದು ಪಿತೃಪಕ್ಷಕ್ಕೂ ಮುಂಚೆ, ಒಂದು ಫೋನಿನಿಂದ. ಹಿಂದುಗಡೆ ರೈಲು ಕೂಗುವ ಸದ್ದಿನ ನಡುವೆ ಒಬ್ಬ ಹೆಂಗಸು ಮಾತಾಡಿದರು. “ನಾನು ಚೈತನ್ಯ ಅಂತ, ಯಾದವಗಿರಿಯವಳು, ಗೂಡ್ಸ್ ಟ್ರೈನ್ ಓಡಿಸ್ತೀನಿ. ನಮ್ಮನೆ ಗೊಂಬೆಗೆ ಈ ವರ್ಷ ಹೊಸದಾಗಿ ಒಂದು ಪೆಂಗ್ವಿನ್ ಜೋಡಿ ಇಡ್ಬೇಕು ಅಂತ ಆಸೆ. ಅಪ್ಪ, ಅಮ್ಮ, ಒಂದು ಮೊಟ್ಟೆ. ಸಿದ್ದಮಲ್ಲಪ್ಪೋರಿಗೆ ಮಾಡೋಕೆ ಹೇಳಿದ್ದೀನಿ. ನೀವು ಪಟ್ಟದ ಗೊಂಬೆಗೆ ಉಡಿಸೋ ಹಂಗೇ ಉಡಿಸ್ಕೊಡಿ. ನಮ್ಮೆಜಮಾನ್ರಿಗೆ ನಾನು ಕೊಡೋ ಉಡುಗೊರೆ ಅದು.”

ಗಂಡನಿಗೆ ಪೆಂಗ್ವಿನ್ ಉಡುಗೊರೆ ಕೊಡುವ ಹೆಂಡತಿಯನ್ನು ನಾಗೇಂದ್ರ ಅಲ್ಲಿಯವರೆಗೆ ಕಂಡಿರಲಿಲ್ಲ. ಆದರೂ ಆಗಲಿ ಎಂದ.

ಕಾಗದ ಅರೆದ ಮುದ್ದೆಯಲ್ಲಿ ಗೊಂಬೆ ಮಾಡುವ ಸಿದ್ದಮಲ್ಲಪ್ಪ ಎರಡನ್ನೂ ಗೋಣಿಚೀಲದಲ್ಲಿ ತಂದು ಇಳಿಸಿದ. ಮೊಳದೆತ್ತರ, ಕರಿ ಬೆನ್ನು, ಬಿಳಿ ಹೊಟ್ಟೆ, ಕಿವಿಯ ಹತ್ತಿರ ಅರಿಶಿನ ಬಳಿದ ಹಾಗೆ ಹಳದಿ. ಹೊಟ್ಟೆಯ ಕೆಳಗೆ ಒಂದು ಮಡಿಕೆ, ಮಡಿಕೆಯ ಕೆಳಗೆ ಪಾದ. ಮೊಟ್ಟೆ ಬೇರೆಯಾಗಿ ಹತ್ತಿಯಲ್ಲಿ ಸುತ್ತಿತ್ತು. ಬಾತುಕೋಳಿ ಮೊಟ್ಟೆಯ ಖಾಲಿ ಚಿಪ್ಪು, ಮೇಲೊಂದು ಕೈ ಬಣ್ಣ.

“ಇದ್ರಲ್ಲಿ ಗಂಡ್ಯಾವ್ದು, ಹೆಣ್ಯಾವ್ದು?” ನಾಗೇಂದ್ರ ಕೇಳಿದ.

“ನಂಗೊತ್ತಾ? ಆ ಹಕ್ಕೀಲಿ ಎರಡೂ ನೋಡೋಕೆ ಒಂದೇ ಥರ ಅಂತೆ, ಆಯಮ್ಮನೇ ಹೇಳಿದ್ದು. ಒಂದೇ ಅಚ್ಚಲ್ಲಿ ಎರಡೂ ತೆಗ್ದೆ, ನಂಗೂ ಸಲೀಸಾಯ್ತು. ನೀನು ಯಾವುದಕ್ಕೆ ಸೀರೆ ಉಡಿಸ್ತೀಯೋ ಅದು ಹೆಣ್ಣು, ಬುಡು.”

ಸೊಂಟವಿಲ್ಲದ, ಹೆಗಲಿಲ್ಲದ ಪ್ರಾಣಿಗೆ ಸೀರೆ ಉಡಿಸುವುದೆಂದರೆ ಗುಡಾಣಕ್ಕೆ ಉಡಿಸಿದ ಹಾಗೆ. ಸೆರಗು ಜಾರುತ್ತದೆ, ನಿರಿಗೆ ನಿಲ್ಲುವುದಿಲ್ಲ, ರೆಕ್ಕೆ ಕೈಯೂ ಅಲ್ಲ, ಕೈ ಅಲ್ಲದ್ದೂ ಅಲ್ಲ. ನಾಗೇಂದ್ರ ಅದಕ್ಕೊಂದು ಉಪಾಯ ಕಂಡುಹಿಡಿದ. ಮೊಟ್ಟೆಯನ್ನು ಪಾದದ ಮೇಲೆ ಕೂರಿಸಿ, ಹೊಟ್ಟೆಯ ಮಡಿಕೆ ಅದರ ಮೇಲೆ ಬರುವಂತೆ ಮಾಡಿ, ಹಸಿರು ರೇಷ್ಮೆಯ ನಿರಿಗೆಗಳನ್ನು ಎರಡೂ ಕಡೆಗೆ ತೆರೆಯಂತೆ ಸರಿಸಿ, ಮೊಟ್ಟೆ ಜಾರದಂತೆ ಒಳಗಿನಿಂದ ಕಣ್ಣಿಗೆ ಕಾಣದ ಟಾಕು ಹಾಕಿದ. ತಾಯಿ ಸೆರಗು ಸರಿಸಿ ಮಗುವನ್ನು ತೋರಿಸುವ ಹಾಗೆ ಮೊಟ್ಟೆ ಇಷ್ಟೇ ಇಷ್ಟು ಇಣುಕುತ್ತಿತ್ತು. ಇನ್ನೊಂದಕ್ಕೆ ಅಂಚಿನ ಪಂಚೆ, ಮೈಸೂರು ಪೇಟ, ಎದೆಗೊಂದು ಶಲ್ಯ. ಸುಮಾ ಕೂಡ ಕೊಂಕು ಮಾತಾಡದೆ ಫೋಟೋ ತೆಗೆದುಕೊಂಡಳು. ಅವಳ ಅಂಗಡಿ ಶಾಸ್ತ್ರದಲ್ಲಿ ಅದಕ್ಕಿಂತ ದೊಡ್ಡ ಬಹುಮಾನವಿಲ್ಲ.

ಯಾದವಗಿರಿಯ ಮನೆಗೆ ಗೊಂಬೆ ತಲುಪಿಸಿದ ದಿನ ಬಾಗಿಲು ತೆರೆದದ್ದು ಚೈತನ್ಯಳ ಗಂಡ ಪ್ರಸಾದ್. ಎದೆಗೆ ಬಟ್ಟೆಯ ಚೀಲ ಕಟ್ಟಿಕೊಂಡು, ಅದರೊಳಗೆ ವರ್ಷ ತುಂಬದ ಮಗಳು ಗಗನಳನ್ನು ಕೂರಿಸಿಕೊಂಡಿದ್ದ. ಬ್ಯಾಂಕಿನ ಕೆಲಸ ಬಿಟ್ಟು ಮಗು ನೋಡಿಕೊಳ್ಳುತ್ತಿದ್ದಾನೆ. ಹೆಂಡತಿಗೆ ರೈಲಿನ ಡ್ಯೂಟಿ, ಹೋದರೆ ಯಾವಾಗ ಬರುತ್ತಾಳೆ ಎಂದು ರೈಲ್ವೆಯವರೂ ಹೇಳಲಾರರು. ಹಬ್ಬದ ವಾರವಂತೂ ಬೇರೆ ಡಿಪೋಗೇ ಹಾಕಿದ್ದರು, ಇನ್ನು ಮನೆಗೆ ಬರುವುದು ಆರತಿಯ ಸಂಜೆಗೇ. ಪ್ರಸಾದನ ತಾಯಿ ಬೆಟ್ಟಮ್ಮ ವರಾಂಡಕ್ಕೆ ಬಂದು ಮಗನನ್ನೂ ಗೊಂಬೆಯನ್ನೂ ಒಂದೇ ನೋಟದಲ್ಲಿ ಅಳೆದರು.

“ನೋಡಪ್ಪ ನಾಗೇಂದ್ರ, ನನ್ನ ಮಗ ಬಾಣಂತಿ ಆಗ್ಬುಟ್ಟವ್ನೆ. ಇವನಿಗೂ ಒಂದು ಸೀರೆ ಹೊಲ್ಕೊಡು.”

ಪ್ರಸಾದ್ ನಕ್ಕ. ಆ ನಗುವನ್ನು ನಾಗೇಂದ್ರ ಚೆನ್ನಾಗಿ ಬಲ್ಲ. ಬ್ಯಾಂಡಿನವರ ಮುಂದೆ ಚಿಕ್ಕಂದಿನಲ್ಲಿ ತಾನು ನಗುತ್ತಿದ್ದುದೂ ಅದೇ ನಗು. ದುಡ್ಡು ತೆಗೆದುಕೊಂಡು ಬಂದುಬಿಟ್ಟ.

ನವರಾತ್ರಿ ಅರ್ಧ ಕಳೆದ ಒಂದು ಮಧ್ಯಾಹ್ನ ಊಟಕ್ಕೆ ಕೂತಿದ್ದಾಗ ಸುಮಾ ಫೋನು ಹಿಡಿದುಕೊಂಡು ಸಣ್ಣಗೆ ನಗತೊಡಗಿದಳು. ಪೆಂಗ್ವಿನ್ನಿನ ಫೋಟೋವನ್ನು ಅವಳು ಸ್ಟೇಟಸ್ಸಿಗೆ ಹಾಕಿದ್ದಳು. ಅದನ್ನು ನೋಡಿ ಅವರ ಹಳೆಯ ಗಿರಾಕಿ, ಕೃಷ್ಣಮೂರ್ತಿಪುರಂನ ನಿವೃತ್ತ ಜೀವಶಾಸ್ತ್ರದ ಮೇಷ್ಟ್ರು ವಿಜಯ್‌ಕುಮಾರ್ ಒಂದು ಧ್ವನಿ ಸಂದೇಶ ಕಳಿಸಿದ್ದರು. ಸುಮಾ ಜೋರಾಗಿ ಹಾಕಿದಳು.

“ಸುಮಾ ಅವ್ರೇ, ಬಹಳ ಸೊಗಸಾಗಿದೆ. ಆದ್ರೆ ನಿಮ್ಮ ಯಜಮಾನ್ರು ಸೀರೆ ಉಡಿಸಿರೋದು ಗಂಡಿಗೆ. ಅದು ಎಂಪರರ್ ಪೆಂಗ್ವಿನ್ ಕಣ್ರೀ. ಹೆಣ್ಣು ಮೊಟ್ಟೆ ಇಡುತ್ತೆ ಅಷ್ಟೆ. ಇಟ್ಟ ಮೊಟ್ಟೇನ ಗಂಡಿನ ಪಾದದ ಮೇಲೆ ದಾಟಿಸಿ, ತಾನು ಸಮುದ್ರಕ್ಕೆ ಹೋಗಿಬಿಡುತ್ತೆ ಮೇವಿಗೆ. ಎರಡು ತಿಂಗಳು ಬರೋದಿಲ್ಲ. ದಾಟಿಸುವಾಗ ಎಡವಟ್ಟಾಗಿ ಮೊಟ್ಟೆ ಮಂಜುಗಡ್ಡೆ ಮೇಲೆ ಉಳೀತೋ, ಮುಗೀತು, ನೋಡನೋಡ್ತಾ ಹೆಪ್ಪುಗಟ್ಟಿಹೋಗುತ್ತೆ. ಆಮೇಲೆ ಗಂಡೇ ಆ ಕತ್ತಲೆ ಚಳೀಲಿ ಮೊಟ್ಟೇನ ಹೊಟ್ಟೆ ಮಡಿಕೇಲಿ ಮುಚ್ಚಿಟ್ಕೊಂಡು ನಿಂತಿರುತ್ತೆ. ಊಟ ಇಲ್ಲ. ಮೈ ಅರ್ಧಕ್ಕರ್ಧ ಇಳಿದುಹೋಗುತ್ತೆ. ಗಂಡುಗಳೆಲ್ಲ ಒಟ್ಟಿಗೆ ಒತ್ತೊತ್ತಾಗಿ ನಿಂತು, ಹೊರಗಿರೋದು ಒಳಕ್ಕೆ, ಒಳಗಿರೋದು ಹೊರಕ್ಕೆ ನಿಧಾನಕ್ಕೆ ಸರೀತಾ ಚಳಿ ಹಂಚ್ಕೊಳ್ತವೆ. ಮರಿ ಮೊದಲೇ ಹೊರಗೆ ಬಂದ್ರೆ, ಉಪವಾಸ ಇರೋ ಅಪ್ಪನೇ ಗಂಟಲಿಂದ ಹಾಲಿನ ಥರದ್ದು ತೆಗೆದು ಉಣಿಸುತ್ತೆ. ಹೆಣ್ಣು ತಿರುಗಿ ಬಂದು ಕೂಗುತ್ತೆ, ಆ ಸ್ವರದಲ್ಲೇ ಒಂದನ್ನೊಂದು ಗುರುತು ಹಿಡೀತವೆ. ಹಾಂ, ಇನ್ನೊಂದು. ಜನ್ಮಜನ್ಮದ ಜೋಡಿ ಅಂತೆಲ್ಲ ಜನ ಅಂದ್ಕೊಂಡಿರ್ತಾರೆ, ಹಾಗೇನಿಲ್ಲ. ಮುಂದಿನ ವರ್ಷಕ್ಕೆ ಬಹಳಷ್ಟು ಜೋಡಿ ಬದಲಾಗಿರುತ್ತೆ.”

“ಆ ಕೊನೇದನ್ನ ಮಾತ್ರ ಎಲ್ಲೂ ಬಾಯಿ ಬುಡ್ಬೇಡಿ” ಎಂದಳು ಸುಮಾ. “ಪಟ್ಟದ ಗೊಂಬೆ ಯಾಪಾರಕ್ಕೇ ಕಲ್ಲು ಬೀಳ್ತದೆ.”

ನಾಗೇಂದ್ರನ ಕೈಯಲ್ಲಿ ತುತ್ತು ಹಾಗೇ ನಿಂತಿತ್ತು. ಎದೆಗೆ ಮಗು ಕಟ್ಟಿಕೊಂಡ ಪ್ರಸಾದ್ ಕಣ್ಣಿಗೆ ಬಂದ. ಚೈತನ್ಯ ಉಡುಗೊರೆ ಎಂದದ್ದು ಯಾಕೆಂದು ಈಗ ತಿಳಿಯಿತು. ಆ ಹಕ್ಕಿ ಪ್ರಸಾದನೇ. ಆ ಪ್ರಸಾದನಿಗೆ ತಾನು ಹಸಿರು ರೇಷ್ಮೆ ಸೀರೆ ಉಡಿಸಿ, ಬಳೆ ತೊಡಿಸಿ, ಮೂಗುಬೊಟ್ಟು ಅಂಟಿಸಿ, ಬಂದ ಹೆಂಗಸರೆಲ್ಲ ನೋಡುವಂತೆ ಮೆಟ್ಟಿಲ ಮೇಲೆ ನಿಲ್ಲಿಸಿದ್ದಾನೆ. ಬೆಟ್ಟಮ್ಮ ಬಾಯಲ್ಲಿ ಹೇಳಿದ ಹಂಗಿಸುವ ಮಾತನ್ನು ತಾನು ಹೊಲಿದು ಕೊಟ್ಟಂತಾಯಿತು.

“ಸುಮಾ, ಆಯಮ್ಮ ಇವತ್ತು ಸಂಜೆ ಡ್ಯೂಟಿಯಿಂದ ಬರ್ತಾರೆ. ಇವತ್ತೇ ಅವರ ಮನೇಲಿ ಆರತಿ, ಕೇರಿ ಹೆಂಗಸರೆಲ್ಲ ಬರೋದು. ನಾನೋಗಿ ಸರಿ ಮಾಡ್ಬುಟ್ಟು ಬರ್ತೀನಿ.”

“ಕೂತ್ಕೊಂಡು ಉಣ್ಣಿ. ಈಗ ಮೊಟ್ಟೆ ಎಲ್ಲಿದೆ? ಸೀರೆ ಉಟ್ಟಿರೋದ್ರ ಹತ್ರ. ನೋಡ್ದೋರು ಏನಂತಾರೆ? ಸರಿಯಾಗೇ ಅದೆ ಅಂತಾರೆ. ನೀವು ತೆಗೆದು ಪಂಚೆ ಉಟ್ಟಿರೋದ್ರ ಕಾಲ್ ಮೇಲೆ ಇಟ್ರೆ ಏನಂತಾರೆ? ನಾಗೇಂದ್ರಂಗೆ ತಲೆ ಕೆಟ್ಟದೆ ಅಂತಾರೆ. ತಪ್ಪಾಗಿರೋದ್ರಿಂದ ಹೆಸರು ಬರ್ತಿರುವಾಗ, ಸರಿ ಮಾಡಿ ಹೆಸರು ಕೆಡಿಸ್ಕೊಳ್ತೀನಿ ಅಂತೀರಲ್ಲ. ಇದ್ಯಾವ ಯಾಪಾರ ರೀ?”

ವ್ಯಾಪಾರದ ಲೆಕ್ಕದಲ್ಲಿ ಅವಳ ಮಾತಿನಲ್ಲಿ ಒಂದು ಎಳೆ ತಪ್ಪಿರಲಿಲ್ಲ. ನಾಗೇಂದ್ರ ಕೈ ತೊಳೆದು, ಸೂಜಿ, ಕತ್ತರಿ, ಹಸಿರು ನೂಲು ಜೇಬಿಗೆ ಹಾಕಿಕೊಂಡು ಮೊಪೆಡ್ ಹತ್ತಿದ. ಸುಮಾ ಸ್ಟೇಟಸ್ ಅಳಿಸಿಹಾಕಿದಳು. ಬೈಯುತ್ತಲೇ ಅಳಿಸಿದಳು.

ದಸರೆಯಲ್ಲಿ ಶಿವರಾಂಪೇಟೆಯಿಂದ ಯಾದವಗಿರಿಗೆ ಹೋಗುವುದು ಹೇಳಿದಷ್ಟು ಸುಲಭವಲ್ಲ. ನಿನ್ನೆಯವರೆಗೆ ಎರಡು ಕಡೆ ಓಡಾಡುತ್ತಿದ್ದ ರಸ್ತೆ ಇವತ್ತು ಒಂದೇ ಕಡೆಗೆ. ಆ ಒಂದು ಕಡೆ ನಾಗೇಂದ್ರನಿಗೆ ಬೇಕಾದ ಕಡೆಯಲ್ಲ. ಪೊಲೀಸಿನವನು ಬ್ಯಾರಿಕೇಡ್ ಸರಿಸದೆ, “ಎಲ್ಲಿಗೆ?” ಎಂದ. ಪೆಂಗ್ವಿನ್ನಿನ ಮೊಟ್ಟೆ ದಾಟಿಸಲಿಕ್ಕೆ ಎಂದು ಹೇಳುವುದು ಹೇಗೆ? “ಆರತಿಗೆ ಸಾರ್” ಎಂದ. “ಗಂಡಸರಿಗೂ ಕರೀತಾರಾ ಈಗ?” ಎಂದು ಪೊಲೀಸಿನವನು ಸುತ್ತುದಾರಿ ತೋರಿಸಿದ. ಸುತ್ತುದಾರಿಯುದ್ದಕ್ಕೂ ನಾಗೇಂದ್ರ ಬೆಟ್ಟಮ್ಮನಿಗೆ ಏನು ಹೇಳಬೇಕೆಂದು ಕೂಡಿಸಿಕೊಂಡ, ಪ್ರತಿ ತಿರುವಿನಲ್ಲೂ ಕೂಡಿಸಿದ್ದು ಚೆದುರಿತು. ಅವರು ಈಗಾಗಲೇ ದೀಪ ಹಚ್ಚಿರಬಹುದು. ಆಯಮ್ಮ ಬಂದು ನೋಡಿರಬಹುದು. ನೋಡಿ ಅತ್ತೆಯೇ ಹೇಳಿ ಮಾಡಿಸಿದ್ದೆಂದು ತಿಳಿದು ಮನೆಯಲ್ಲಿ ಮಾತು ಬೆಳೆದಿರಬಹುದು.

ಗೇಟಿನ ಹತ್ತಿರ ಪ್ರಸಾದ್ ಮಗುವನ್ನು ಎದೆಗೆ ಕಟ್ಟಿಕೊಂಡು ತೋರಣ ಕಟ್ಟುತ್ತಿದ್ದ. ನಾಗೇಂದ್ರ ತೊದಲುತ್ತಾ ವಿಷಯ ಹೇಳಿದ.

“ನಂಗೆ ಅವತ್ತೇ ಗೊತ್ತಾಯ್ತು ನಾಗೇಂದ್ರಣ್ಣ” ಎಂದ ಪ್ರಸಾದ್.

“ಅಯ್ಯೋ, ಮತ್ತೆ ಹೇಳ್ಬಾರ್ದಾ ಸಾರ್?”

“ಹೆಂಗೆ ಹೇಳ್ಲಿ? ಅಮ್ಮ ಆ ಸೀರೆ ನೋಡಿ ಅಷ್ಟು ಖುಷಿಯಾಗ್ಬಿಟ್ರು. ಬಂದೋರ್ಗೆಲ್ಲ ತೋರಿಸ್ತಾರೆ. ನೋಡಿ, ಪಶುಪಕ್ಷೀಲೂ ತಾಯೀನೇ ಮಗು ನೋಡ್ಕೊಳ್ಳೋದು, ನಮ್ಮನೇಲಿ ಮಾತ್ರ ಉಲ್ಟಾ ಅಂತ.” ಅವನು ತೋರಣದ ದಾರ ಬಿಗಿದು ಗಂಟು ಹಾಕಿದ. “ಚೈತು ದಿನಾ ಫೋಟೋ ಕಳ್ಸು ಅಂತಾಳೆ. ಫೋನ್ ಕ್ಯಾಮೆರಾ ಕೆಟ್ಟಿದೆ ಅಂತ ಸುಳ್ಳು ಹೇಳ್ಕೊಂಡು ಬಂದಿದ್ದೀನಿ. ಇನ್ನೇನು ಬರೋ ಹೊತ್ತಾಯ್ತು, ಕಣ್ಣಲ್ಲೇ ನೋಡ್ತಾಳೆ.”

ನಾಗೇಂದ್ರ ಜೇಬಿನ ಕತ್ತರಿ ಮುಟ್ಟಿ ನೋಡಿಕೊಂಡ. ತಾನು ಅಂದುಕೊಂಡದ್ದಕ್ಕಿಂತ ಕೆಲಸ ಕೆಟ್ಟಿತ್ತು. ಹೆಂಡತಿ ಗಂಡನಿಗೆಂದು ಮಾಡಿಸಿದ ಗೊಂಬೆ ಈಗ ಹೆಂಡತಿಯ ಮೇಲೇ ಸಾಕ್ಷಿ ಹೇಳುತ್ತಾ ನಿಂತಿದೆ, ಅದೂ ಅವನು ಉಡಿಸಿದ ಬಟ್ಟೆಯಲ್ಲಿ.

ಬೆಟ್ಟಮ್ಮ ಹೊಸ ರೇಷ್ಮೆ ಉಟ್ಟು ನಡುಮನೆಯಲ್ಲಿ ಚರಪಿನ ತಟ್ಟೆ ಜೋಡಿಸುತ್ತಿದ್ದರು. ಗೊಂಬೆ ನೋಡಲು ಬಂದವರಿಗೆ ಕೊಡುವ ಕೊಬ್ಬರಿ ಮಿಠಾಯಿ, ಉಸಲಿ ಎಲ್ಲ ಸಾಲಾಗಿದ್ದವು. ಅವರ ಊರಿನಲ್ಲಿ ಗೊಂಬೆ ಕೂರಿಸುವ ಪದ್ಧತಿ ಇರಲಿಲ್ಲ, ಯಾದವಗಿರಿಗೆ ಬಂದ ಮೇಲೆ ಬಂದದ್ದು. ಹೊಸದಾಗಿ ಬಂದ ಪದ್ಧತಿಗೆ ಹಳಬರ ಮನೆಗಿಂತ ಕಟ್ಟುನಿಟ್ಟು ಜಾಸ್ತಿ. ನಾಗೇಂದ್ರ ವರಾಂಡದಲ್ಲೇ ನಿಂತು ಹೇಳಿದ್ದನ್ನು ಅವರು ಪೂರ್ತಿ ಕೇಳಿದರು.

“ಕೂರಿಸಿದ್ ಗೊಂಬೇನ ವಿಜಯದಶಮಿವರ್ಗೂ ಅಲ್ಲಾಡಿಸಂಗಿಲ್ಲ. ನಿಂಗೆ ಗೊತ್ತಿಲ್ವಾ?”

“ಗೊತ್ತು ಅಮ್ಮಾವ್ರೇ. ಅಲ್ಲಾಡ್ಸಲ್ಲ. ನಿಂತಿರೋ ಹಂಗೇ ನಿಂತಿರ್ಲಿ. ಮೊಟ್ಟೆ ಮಾತ್ರ ಇದ್ರಿಂದ ಅದಕ್ಕೆ ದಾಟಿಸ್ತೀನಿ.”

“ಯಾಕೆ ದಾಟಿಸ್ಬೇಕು? ಚೆನ್ನಾಗೇ ಅದಲ್ಲ.”

“ನಾನೇ ದಾಟಿಸ್ತೀನಮ್ಮ, ಸ್ನಾನ ಆಗಿದೆ ನಂದು” ಎಂದ ಪ್ರಸಾದ್.

“ಬೇಡಿ ಸಾರ್” ನಾಗೇಂದ್ರ ಬೆಚ್ಚಿದ. “ಒಳಗೆ ಟಾಕು ಹಾಕಿದೀನಿ, ಹೊರಗೆ ಕಾಣಲ್ಲ. ಎಳೆದ್ರೆ ಸೀರೆ ಹರಿದೋಗ್ತದೆ.”

ಬೆಟ್ಟಮ್ಮ ಅವನ ಮುಖ ನೋಡಿದರು. ನೋಡಿ ನಡುಮನೆಯ ಹೊಸಿಲು ನೋಡಿದರು. ನಾಗೇಂದ್ರ ಈ ನೋಟವನ್ನೂ ಬಲ್ಲ. ಮೈಸೂರಿನಲ್ಲಿ ಎಷ್ಟೋ ಮನೆಯ ಗೊಂಬೆಗೆ ಅವನು ಉಡಿಸಿದ್ದಾನೆ, ಉಡಿಸುವ ತನಕ ಯಾರ ಕೈ ಎಂದು ಯಾರೂ ಕೇಳುವುದಿಲ್ಲ. ಕೂರಿಸಿ ಅರಿಶಿನ ಕುಂಕುಮ ಬಿದ್ದ ಮೇಲೆ ಅದು ದೇವರು, ಅವನ ಜಾಗ ವರಾಂಡ. ಅವರಾಗಿ ಏನೂ ಅನ್ನಲಿಲ್ಲ, ಅವನಾಗಿ ಏನೂ ಕೇಳಲಿಲ್ಲ. ಅಂಥ ಹೊತ್ತಿನಲ್ಲಿ ಅವನಿಗೆ ತೋಚಿದ್ದು, ಅವನ ಇಡೀ ಜೀವಮಾನದಲ್ಲಿ ತೋಚಿದ ಒಂದೇ ವ್ಯಾಪಾರದ ಮಾತು.

“ಅಮ್ಮಾವ್ರೇ, ಮೇಷ್ಟ್ರು ಫೋಟೋ ನೋಡಿ ನಕ್ಬುಟ್ರು. ಪಾಠ ಹೇಳ್ದೋರು, ಮೈಸೂರ್ ತುಂಬ ಶಿಷ್ಯರು. ಇನ್ನು ಯಾರ್ಯಾರಿಗೆ ಗೊತ್ತಾಗ್ತದೋ. ಇವತ್ತು ಬರೋರಲ್ಲಿ ಒಬ್ರು ತಿಳಿದೋರಿದ್ರೆ, ಬೆಟ್ಟಮ್ಮೋರ ಮನೇಲಿ ಗಂಡಿಗೆ ಸೀರೆ ಉಡ್ಸವ್ರೆ ಅಂತ ಆಡ್ಕೊಳ್ತಾರೆ.”

ಗೇಟಿನ ಕಡೆಯಿಂದ ಹೆಂಗಸರ ಮಾತು ಕೇಳಿಸುವಂತಾಯಿತು. ಇನ್ನೂ ರಸ್ತೆಯಲ್ಲಿದ್ದರು.

“ಚಪ್ಪಲಿ ಬುಟ್ಟು, ಕಾಲ್ ತೊಳ್ಕೊಂಡು ಬಾ” ಎಂದರು ಬೆಟ್ಟಮ್ಮ. “ಬೇಗ.”

ನಾಗೇಂದ್ರ ಮೆಟ್ಟಿಲಿನ ಮುಂದೆ ಮಂಡಿಯೂರಿದ. ತುದಿಯಲ್ಲಿ ರಾಜ-ರಾಣಿ, ಅದರ ಕೆಳಗೆ ಅವನ ಪೆಂಗ್ವಿನ್ನುಗಳು, ಎರಡಕ್ಕೂ ಹಣೆಗೆ ಕುಂಕುಮ. ಮುಂದೆ ದೀಪ ಉರಿಯುತ್ತಿತ್ತು. ಸೀರೆಯ ಗೊಂಬೆಗೂ ಪಂಚೆಯ ಗೊಂಬೆಗೂ ನಡುವೆ ಗೇಣು ಜಾಗ. ಕತ್ತರಿಯ ತುದಿಯನ್ನು ನಿರಿಗೆಯೊಳಗೆ ತೂರಿಸಿ, ಬೆರಳಲ್ಲಿ ತಡವಿ ಟಾಕು ಹುಡುಕಿದ. ತಾನೇ ಹಾಕಿದ ಹೊಲಿಗೆ, ಕಾಣದ ಹಾಗೆ ಹಾಕಬೇಕೆಂದು ಪಟ್ಟ ಶ್ರಮಕ್ಕೆ ಈಗ ತನ್ನನ್ನೇ ಬೈದುಕೊಂಡ. ಒಂದು ಎಳೆ ಬಿಟ್ಟಿತು. ಇನ್ನೊಂದು ಸಿಗಲಿಲ್ಲ. ಚಿಪ್ಪು ಒಡೆದರೆ ಬರೀ ಮೊಟ್ಟೆ ಹೋಗುವುದಿಲ್ಲ. ಅದು ನಿಜವಾದ ಬಾತುಕೋಳಿ ಮೊಟ್ಟೆಯ ಚಿಪ್ಪು ಎನ್ನುವುದೂ ಗೊತ್ತಾಗುತ್ತದೆ. ನವರಾತ್ರಿಯಲ್ಲಿ, ಮಡಿಯ ಮೆಟ್ಟಿಲ ಮೇಲೆ. ಬೆಟ್ಟಮ್ಮ ಅದನ್ನು ಬಣ್ಣದ ಮರ ಎಂದುಕೊಂಡಿದ್ದರು. ಫೋನಿನಲ್ಲಿ ಕೇಳಿದಾಗ ಹಾಗೆ ಅಂದುಕೊಳ್ಳಲು ಸುಮಾ ಬಿಟ್ಟಿದ್ದಳು.

“ಬಂದ್ಬುಟ್ರು ಕಣೋ” ಎಂದರು ಬೆಟ್ಟಮ್ಮ, ಬಾಗಿಲಿನಿಂದ.

ಎರಡನೆಯ ಎಳೆ ಸಿಕ್ಕಿತು. ಕತ್ತರಿಸಿದ. ಮೊಟ್ಟೆ ಪಾದದಿಂದ ಅಂಗೈಗೆ ಉರುಳಿತು, ಜೊತೆಯಲ್ಲೇ ‘ಟಿಕ್’ ಎಂದು ಸದ್ದಾಯ್ತು. ಆ ಮಂಜಿನ ನಾಡಿನಲ್ಲಿ ಎರಡು ಜೊತೆ ಪಾದಗಳ ನಡುವೆ ಮೊಟ್ಟೆ ಬಯಲಿಗೆ ಬಿದ್ದ ಕ್ಷಣದಲ್ಲಿ ಆ ಹಕ್ಕಿಗಳಿಗೆ ಏನಾಗುತ್ತದೋ ಅವನಿಗೆ ತಿಳಿಯದು. ಅವನಿಗಂತೂ ಬೆನ್ನ ಮೇಲೆ ಬೆವರು ಹರಿಯಿತು. ಚಿಪ್ಪನ್ನು ತಿರುಗಿಸಿ ತಿರುಗಿಸಿ ನೋಡಿದ. ಏನೂ ಆಗಿರಲಿಲ್ಲ. ಸೀರೆಯಿಂದ ಒಂದು ಗುಂಡುಪಿನ್ನು ಜಾರಿ ದೀಪದ ತಟ್ಟೆಗೆ ಬಿದ್ದಿತ್ತು. ಪಂಚೆಯ ಅಂಚು ಎತ್ತಿ, ಮೊಟ್ಟೆಯನ್ನು ಪಾದದ ಮೇಲೆ ಕೂರಿಸಿ, ಹೊಟ್ಟೆಯ ಮಡಿಕೆಯ ಕೆಳಗೆ ಒತ್ತಿದ. ಎರಡೂ ಒಂದೇ ಅಚ್ಚಿನವು ತಾನೇ, ಅಲ್ಲೇ ಹುಟ್ಟಿದ ಹಾಗೆ ಕೂತಿತು. ಸೀರೆಯ ನಿರಿಗೆ ಕೂಡಿಸಿ ಒಂದು ಟಾಕು ಹಾಕಿ ಎದ್ದು, ಹಿಂದೆ ಹಿಂದೆ ಸರಿಯುತ್ತಾ ವರಾಂಡ ಸೇರಿದ.

ಹೆಂಗಸರು ಒಳಗೆ ಬಂದರು. ಎದುರು ಮನೆಯ ಸಿದ್ದಲಿಂಗಮ್ಮ ಮೊದಲಿಗರು, ಮೊನ್ನೆಯೂ ಬಂದು ನೋಡಿದ್ದವರು. ಅವರ ಕಣ್ಣು ನೆಟ್ಟಗೆ ಅಲ್ಲಿಗೇ ಹೋಯಿತು.

“ಇದೇನ್ರೀ ಬೆಟ್ಟಮ್ಮ, ಮೊಟ್ಟೆ ಗಂಡಿನ ಕಾಲ್ ಮೇಲೆ ಬಂದದೆ? ಮೊನ್ನೆ ಹೆಣ್ಣಿನ ಹತ್ರ ಇತ್ತಲ್ಲ!”

ನಾಗೇಂದ್ರ ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡಿದ್ದ. ಇನ್ನೊಂದು ಕಾಲು ಹಾಗೇ ನಿಂತಿತು.

ಬೆಟ್ಟಮ್ಮ ಮಗನ ಕಡೆ ನೋಡಿದರು, ಹೆಂಗಸರ ಕಡೆ ನೋಡಿದರು, ಕೊನೆಗೆ ಎಲ್ಲರಿಗಿಂತ ಅಗ್ಗವಾಗಿ ಸಿಗುವವನ ಕಡೆ ನೋಡಿದರು. “ಉಡಿಸ್ದೋನು ಏನೋ ಎಡವಟ್ಟು ಮಾಡವ್ನೆ ಕಣ್ರೀ. ಈ ಹೊಲಿಗೆಯೋರೇ ಹಿಂಗೆ.”

ಹೆಂಗಸರು ನಕ್ಕರು. ಯಾರೋ ಒಬ್ಬರು, “ಮನೇಲಿ ಹೆಂಗದೋ ಗೊಂಬೇಲೂ ಹಂಗೆ” ಎಂದರು. ನಗು ದೊಡ್ಡದಾಯಿತು. ಪ್ರಸಾದ್ ಆ ಹಳೆಯ ನಗುವನ್ನೇ ನಕ್ಕು, ಎದೆಯ ಚೀಲದಲ್ಲಿ ಅಳತೊಡಗಿದ ಮಗುವನ್ನು ತಟ್ಟುತ್ತಾ ಒಳಕೋಣೆಗೆ ಹೋದ.

ಸುಮಾ ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ನಾಗೇಂದ್ರ ಇನ್ನೊಂದು ಚಪ್ಪಲಿ ಹಾಕಿಕೊಂಡು ಹೊರಟುಬಿಟ್ಟಿದ್ದರೆ ಯಾರೂ ಅವನನ್ನು ಕರೆಯುತ್ತಿರಲಿಲ್ಲ. ಅವನು ಹಾಕಿಕೊಂಡಿದ್ದ ಚಪ್ಪಲಿಯನ್ನೂ ಬಿಟ್ಟ. ಹೊಸಿಲಿನವರೆಗೆ ಬಂದ. ಕೆಮ್ಮಿದ.

“ತಪ್ಪಲ್ಲ ತಾಯಿ. ಎಡವಟ್ಟಲ್ಲ. ಅದ್ರಲ್ಲಿ ಅಪ್ಪಾನೇ ಕಾವಿಗೆ ನಿಲ್ಲೋದು.”

“ಅಂದ್ರೆ?” ಎಂದರು ಸಿದ್ದಲಿಂಗಮ್ಮ.

ಶುರು ಮಾಡಿದ್ದು ಅವನ ಬಾಯಿ, ಮುಂದಿನದು ಮೇಷ್ಟ್ರ ಮಾತು. ಹಿಂದುಮುಂದಾಗಿ ಹೇಳಿದ. ಮೊದಲು ಉಪವಾಸ, ಆಮೇಲೆ ಚಳಿ, ಆಮೇಲೆ ಮೊಟ್ಟೆ. ಮರೆತದ್ದನ್ನು ಮಧ್ಯೆ ತುರುಕಿದ.

“ಊಟಾನೇ ಮಾಡಲ್ವಾ? ಅಷ್ಟು ದಿನಾನೂ?”

“ಇಲ್ಲ ತಾಯಿ. ಮೊಟ್ಟೆ ಬುಟ್ಟು ಹೆಂಗೋಗ್ತದೆ? ಕೆಳಗಿಟ್ರೆ ಕಲ್ಲಾಗ್ತದೆ. ನಿಂತೇ ಇರ್ತದೆ. ಮೈ ಅರ್ಧ ಕರಗೋಗ್ತದೆ.”

“ಮೈ ಕರಗ್ತದಾ! ಹಂಗಾದ್ರೆ ನಮ್ಮನೆಯೋರ್ಗೂ ಒಂದು ಮೊಟ್ಟೆ ಕೊಡಿಸ್ಬೇಕು” ಎಂದರೊಬ್ಬರು.

“ನಿಮ್ಮನೆಯೋರು ಆಮ್ಲೆಟ್ ಮಾಡ್ಕೊಂಡ್ ತಿಂತಾರೆ ಬುಡಿ.”

ಈ ನಗು ಬೇರೆ ಥರದ್ದು. ನಾಗೇಂದ್ರನಿಗೆ ಅದರ ವ್ಯತ್ಯಾಸ ಕಿವಿಗೆ ಬಿತ್ತು. ಆದರೂ ಗಾಬರಿ ಇಳಿಯಲಿಲ್ಲ, ಯಾಕೆಂದರೆ ಸಿದ್ದಲಿಂಗಮ್ಮ ಕೇಳಬಾರದ್ದನ್ನೇ ಕೇಳಿದರು. “ಜೋಡಿ ಒಂದೇನಾ, ಸಾಯೋ ತನಕ?”

“ಅದು... ಆ ಪಾಠ ಮೇಷ್ಟ್ರು ಪೂರ್ತಿ ಮಾಡ್ಲಿಲ್ಲ ತಾಯಿ” ಎಂದ ನಾಗೇಂದ್ರ.

ಅಷ್ಟರಲ್ಲಿ ಇನ್ನೊಂದು ಗುಂಪು ಬಂತು. ಆಶ್ಚರ್ಯವೆಂದರೆ, ಈ ಸಲ ಅವರ ಕೈ ಹಿಡಿದು ಮೆಟ್ಟಿಲಿನ ಮುಂದೆ ನಿಲ್ಲಿಸಿದವರು ಬೆಟ್ಟಮ್ಮನೇ. ಗೊಂಬೆಯಿಂದ ಹೆಸರು ಬರುವುದಾದರೆ ಯಾವ ಕಡೆಯಿಂದ ಬಂದರೂ ಅವರ ಅಭ್ಯಂತರವಿರಲಿಲ್ಲ. “ನಾಗೇಂದ್ರ, ಎಲ್ಲಿ ಓಡ್ತೀಯ? ಒಳಗ್ ಬಾ. ಇವ್ರಿಗೂ ಇನ್ನೊಂದ್ ಸಲ ಹೇಳು. ಅಪ್ಪ ಗಂಟಲಿಂದ ಹಾಲು ಉಣಿಸ್ತದೆ ಅಂದ್ಯಲ್ಲ, ಅದನ್ನ ಮೊದ್ಲು ಹೇಳು.”

ಅವನು ಒಳಗೆ ಬಂದು ಹೇಳಿದ. ಮತ್ತೊಂದು ಗುಂಪಿಗೆ ಮತ್ತೆ ಹೇಳಿದ. ಹೇಳುತ್ತಾ ಹೇಳುತ್ತಾ ಒಂದು ಕಣ್ಣು ಬಾಗಿಲ ಮೇಲೆಯೇ ಇತ್ತು. ಆಯಮ್ಮ ಬರುವಷ್ಟರಲ್ಲಿ ಹೊರಟುಬಿಡಬೇಕು. ಬಂದ ಮೇಲೆ ಯಾರಾದರೂ ಮೊನ್ನೆ ಮೊಟ್ಟೆ ಸೀರೆಯ ಹತ್ತಿರ ಇದ್ದ ಮಾತು ಎತ್ತಿದರೆ ಮುಗಿಯಿತು. ಆಯಮ್ಮನ ಮುಖ ಅವನು ನೋಡಿದವನಲ್ಲ, ಫೋನಿನಲ್ಲಿ ಕೇಳಿದ ದನಿಯಷ್ಟೇ ಗೊತ್ತು.

ಬಾಗಿಲಲ್ಲಿ ಹೆಂಗಸರ ಹಿಂದೆ ಇನ್ನೊಬ್ಬ ಹೆಂಗಸು ಬಂದು ನಿಂತಿದ್ದಳು. ಹೆಗಲಿಗೆ ಬ್ಯಾಗು, ಕೆದರಿದ ಕೂದಲು, ತೋಳಿನ ಮೇಲೆ ಎಣ್ಣೆಯ ಮಸಿ. ಆರತಿಗೆ ಬಂದವಳಂತೆ ಇರಲಿಲ್ಲ. ನಾಗೇಂದ್ರ ಹೇಳುವುದನ್ನು ಗಮನವಿಟ್ಟು ಕೇಳಿ, ಮೆಟ್ಟಿಲ ಮೇಲೆ ಪಂಚೆ ಉಟ್ಟು ಮೊಟ್ಟೆ ಹೊತ್ತು ನಿಂತ ಗೊಂಬೆಯನ್ನು ತುಂಬ ಹೊತ್ತು ನೋಡಿದಳು.

“ಅಷ್ಟು ದಿನ ಹೆಣ್ಣು ಎಲ್ಲಿರುತ್ತೆ?” ಎಂದು ಕೇಳಿದಳು.

“ಸಮುದ್ರದಲ್ಲಮ್ಮ. ದುಡಿಯೋಕೋಗಿರ್ತದೆ. ಹೊಟ್ಟೆ ತುಂಬ ಮೇವು ತಂದು ಮರಿಗೆ ಕೊಡ್ಬೇಕಲ್ಲ.”

“ತಿರುಗಿ ಬಂದಾಗ ಸಾವಿರಾರು ಹಕ್ಕಿ ಒಂದೇ ಥರ ಇರ್ತವಲ್ಲ. ಗೂಡಿಲ್ಲ, ಗುರುತಿಲ್ಲ. ಗಂಡನ್ನ ಹೆಂಗೆ ಹುಡುಕುತ್ತೆ?”

“ಕೂಗ್ತದಂತೆ” ಎಂದ ನಾಗೇಂದ್ರ. ಆ ದನಿಯನ್ನು ಎಲ್ಲೋ ಕೇಳಿದ್ದೇನಲ್ಲ ಎಂದು ಅವನ ಒಳಗೆ ಏನೋ ಹೊಡೆದುಕೊಳ್ಳತೊಡಗಿತ್ತು. “ಮುಖ ನೋಡಿ ಅಲ್ಲ. ಸ್ವರದಲ್ಲೇ...”

“ಚೈತೂ, ಬಂದ್ಯಾ?” ಒಳಕೋಣೆಯಿಂದ ಪ್ರಸಾದನ ದನಿ ಬಂತು. “ಕೈ ತೊಳ್ಕೊಂಡು ಬೇಗ ಬಾ. ಗಗನ ಈಗಷ್ಟೇ ಎದ್ದವ್ಳೆ, ನಿನ್ ಮಾತು ಕೇಳಿ ಬಾಗಿಲ ಕಡೆ ತೆವಳ್ತಾವ್ಳೆ, ಹಿಡಿಯೋಕಾಗ್ತಿಲ್ಲ.”

ನಡುಮನೆಯಲ್ಲಿ ಯಾರೂ ನಗಲಿಲ್ಲ. ಹೆಂಗಸರು ಎರಡು ಕಡೆಗೆ ಸರಿದು ದಾರಿ ಬಿಟ್ಟರು. ಚೈತನ್ಯ ಬ್ಯಾಗನ್ನು ಅಲ್ಲೇ ನೆಲಕ್ಕೆ ಇಳಿಸಿ, ಅತ್ತೆ ಚರಪಿನ ತಟ್ಟೆ ಕೈಗೆ ಸಿಕ್ಕದೆ ತಡಕಾಡುತ್ತಿದ್ದುದನ್ನು ನೋಡಿ ಎತ್ತಿಕೊಟ್ಟು, ಒಳಕ್ಕೆ ಹೋದಳು.